ಇಂಗ್ಲೆಂಡಿನಲ್ಲಿ ಆಯಿಲ್ ಬಾಯ್ಲರ್ ತೆಗೆಸಿ ಹೀಟ್ ಪಂಪ್ ಹಾಕಿಸಲು ಸರ್ಕಾರದ ಸಹಾಯಧನ ಪಡೆಯುವುದು ಹೇಗೆ?

ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಇದಕ್ಕಿರುವುದು ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್. 2023ರ ಅಕ್ಟೋಬರ್‌ನಲ್ಲಿ ಏರ್ ಸೋರ್ಸ್ ಪಂಪಿನ (ಹೊರಗಿನ ಗಾಳಿಯಿಂದ ಶಾಖ ಎಳೆದು ಮನೆಗೆ ತರುವ ಹೀಟ್ ಪಂಪ್) ಸಹಾಯಧನವನ್ನು 5,000ದಿಂದ 7,500 ಪೌಂಡಿಗೆ ಏರಿಸಿದರು. ಅರ್ಜಿ ನೀವು ಹಾಕಬೇಕಿಲ್ಲ. ಎಂಸಿಎಸ್ (ಇಂಥ ಉಪಕರಣ ಅಳವಡಿಸುವವರ ಗುಣಮಟ್ಟ ಯೋಜನೆ) ಪ್ರಮಾಣಪತ್ರವಿರುವ ಇನ್‌ಸ್ಟಾಲರ್ ಇಂಧನ ನಿಯಂತ್ರಣ ಸಂಸ್ಥೆ ಆಫ್‌ಜೆಮ್‌ಗೆ ಸಲ್ಲಿಸುತ್ತಾರೆ, ಹಣ ನಿಮ್ಮ ಬಿಲ್ಲಿನಲ್ಲೇ ಕಡಿತವಾಗುತ್ತದೆ. ಹೆಚ್ಚು ಚಳಿಗೆ ಇರಲಿ ಎಂದು ಹಳೇ ಬಾಯ್ಲರ್ ಉಳಿಸಿಕೊಂಡರೆ ಸಹಾಯಧನ ಸಿಗದು: ಇಡೀ ಮನೆಯ ಶಾಖ, ಬಿಸಿನೀರು ಎರಡನ್ನೂ ಹೊಸ ಪಂಪೇ ಪೂರೈಸಬೇಕು.

ಹೆಚ್ಚಿನವರು ಎಡವುವುದು ರೇಡಿಯೇಟರ್‌ನಲ್ಲಿ, ಅಂದರೆ ಬಿಸಿನೀರು ಹರಿದು ಕೋಣೆ ಬೆಚ್ಚಗಾಗಿಸುವ ಗೋಡೆಯ ಫಲಕದಲ್ಲಿ. ಆಯಿಲ್ ಬಾಯ್ಲರ್ 70 ಡಿಗ್ರಿಯ ನೀರು ಕಳಿಸುತ್ತದೆ. ಪಂಪ್ ಕಡಿಮೆ ಕರೆಂಟಿನಲ್ಲಿ ಓಡುವುದು 45 ಡಿಗ್ರಿಯ ಆಸುಪಾಸಿನಲ್ಲಿ. ಆ ನೀರಿಗೆ ಚಿಕ್ಕ ರೇಡಿಯೇಟರ್ ಸಾಲದು. ಹಾಗಾಗಿ ಒಂದೊಂದು ಕೋಣೆಯ ಶಾಖನಷ್ಟದ ಲೆಕ್ಕವಿಲ್ಲದ ಕೊಟೇಶನ್ ಒಪ್ಪಲೇಬೇಡಿ. ಹಳೇ ಆಯಿಲ್ ಟ್ಯಾಂಕ್ ತೆಗೆಯುವ ಖರ್ಚು ಯಾರದೆಂದೂ ಅದರಲ್ಲೇ ಬರೆಸಿಕೊಳ್ಳಿ.