ಸ್ಕೂಟರಿಗಿಂತ ಮೊದಲು ಪ್ಲಗ್ ಪಾಯಿಂಟ್ ನೋಡಿ

ಪ್ರಶ್ನೆ: ಗುಬ್ಬಿಯಲ್ಲಿ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿದ್ದೇನೆ. ಕೆಲಸಕ್ಕೆಂದು ದಿನವೂ ಸ್ಕೂಟರಿನಲ್ಲಿ ತುಮಕೂರಿಗೆ ಹೋಗಿ ಬರಲು ಸುಮಾರು 40 ಕಿ.ಮೀ. ಆಗುತ್ತದೆ. ಪೆಟ್ರೋಲ್ ಖರ್ಚು ಕೈಕಚ್ಚುತ್ತಿದೆ. ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಬಹುದೇ? ಗೃಹಜ್ಯೋತಿಗೆ ತೊಂದರೆಯಾಗುತ್ತದೆಯೇ?
– ಓದುಗರೊಬ್ಬರು, ಗುಬ್ಬಿ

ಉತ್ತರ: ಖರ್ಚಿನ ಮಟ್ಟಿಗೆ ನಿಮ್ಮ ಯೋಚನೆ ಸರಿಯಾಗಿದೆ. ತಿಂಗಳಿಗೆ 25 ದಿನ ಓಡಾಡಿದರೆ 1,000 ಕಿ.ಮೀ. ಆಗುತ್ತದೆ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರಿಗೆ ಇದಕ್ಕೆ 22 ಲೀಟರ್ ಪೆಟ್ರೋಲ್ ಬೇಕು. ಅಂದರೆ ಎರಡು ಸಾವಿರ ರೂಪಾಯಿಗೂ ಮೇಲೆ. ಅಷ್ಟೇ ದೂರಕ್ಕೆ ಎಲೆಕ್ಟ್ರಿಕ್ ಸ್ಕೂಟರ್, ಚಾರ್ಜರಿನಲ್ಲಿ ನಷ್ಟವಾಗುವ ವಿದ್ಯುತ್ತನ್ನೂ ಸೇರಿಸಿ, 35 ಯೂನಿಟ್ ಆಸುಪಾಸು ಬಳಸುತ್ತದೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ಅದು 210 ರೂಪಾಯಿ.

ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಎಷ್ಟು ಯೂನಿಟ್ ಉಚಿತವೆಂಬುದು ಬಿಲ್ಲಿನಲ್ಲೇ ಇರುತ್ತದೆ. ಅದಕ್ಕಿಂತ ಹೆಚ್ಚು ಬಳಸಿದ ಯೂನಿಟ್ಟುಗಳಿಗೆ ಹಣ ಕಟ್ಟಬೇಕು. ಒಟ್ಟು ಬಳಕೆ 200 ಯೂನಿಟ್ ದಾಟಿದ ತಿಂಗಳಲ್ಲಿ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಈಗಾಗಲೇ 170ರ ಹತ್ತಿರ ಬಳಸುತ್ತಿದ್ದರೆ ಈ 35 ಯೂನಿಟ್ ಭಾರವಾದೀತು.

ನನಗೆ ಹೆಚ್ಚು ಚಿಂತೆ ಇರುವುದು ಚಾರ್ಜಿಂಗ್ ಬಗ್ಗೆ. ನನ್ನ ಪರಿಚಿತರೊಬ್ಬರು ಬಾಡಿಗೆ ಮನೆಯ ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರ್ ಇಳಿಬಿಟ್ಟು ರಾತ್ರಿಯಿಡೀ ಚಾರ್ಜ್ ಮಾಡುತ್ತಿದ್ದರು. ಮೂರು ತಿಂಗಳಲ್ಲಿ ಪ್ಲಗ್ಗಿನ ಪಿನ್ನುಗಳ ಸುತ್ತ ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ತಿರುಗಿದ್ದನ್ನು ನಾನೇ ಕಂಡಿದ್ದೇನೆ. ಗಂಟೆಗಟ್ಟಲೆ ಒಂದೇ ಸಮನೆ ವಿದ್ಯುತ್ ಹರಿಯುವಾಗ ತೆಳು ವೈರು ಮತ್ತು ಸಡಿಲ ಸಾಕೆಟ್ಟು ಬಿಸಿಯಾಗಿಯೇ ತೀರುತ್ತವೆ. ಆದ್ದರಿಂದ, ಮಳೆ ನೀರು ತಾಗದ ಜಾಗದಲ್ಲಿ, ನಿಮ್ಮ ಮೀಟರಿನಿಂದಲೇ ಎಳೆದ, ಅರ್ಥಿಂಗ್ ಸರಿಯಾಗಿರುವ ಪ್ರತ್ಯೇಕ ಪಾಯಿಂಟ್ ಹಾಕಿಸಿಕೊಡಲು ಮನೆ ಮಾಲೀಕರು ಒಪ್ಪುವರೇ ಎಂದು ಸ್ಕೂಟರಿಗೆ ಮುಂಗಡ ಹಣ ಕೊಡುವ ಮೊದಲೇ ಕೇಳಿ. ಅವರು ಒಪ್ಪದಿದ್ದರೆ ಬ್ಯಾಟರಿ ಬಿಚ್ಚಿ ಒಯ್ಯಬಹುದಾದ ಮಾದರಿಗಳಿವೆ. ಆದರೆ ಹತ್ತು ಕಿಲೋ ಆಸುಪಾಸಿನ ಬ್ಯಾಟರಿಯನ್ನು ದಿನವೂ ಮೆಟ್ಟಿಲು ಹತ್ತಿಸುವುದು ಸುಲಭವಲ್ಲ. ಅಂಗಡಿಯಲ್ಲೇ ಒಮ್ಮೆ ಎತ್ತಿ ನೋಡಿ.

ಒಂದು ಚಾರ್ಜಿಗೆ ಇಷ್ಟು ಕಿಲೋಮೀಟರ್ ಎಂದು ಜಾಹೀರಾತಿನಲ್ಲಿ ಹೇಳುವುದು ಪರೀಕ್ಷೆಯಲ್ಲಿ ಸಿಕ್ಕ ಅಂಕಿ. ನಿಮ್ಮದು ಹೆದ್ದಾರಿಯ ಪ್ರಯಾಣ; 60ರ ವೇಗದಲ್ಲಿ ಗಾಳಿಯನ್ನು ಸೀಳಿಕೊಂಡು ಹೋಗುವಾಗ ಬ್ಯಾಟರಿ ಬೇಗ ಇಳಿಯುತ್ತದೆ, ಊರೊಳಗಿನಂತೆ ಪದೇಪದೇ ಬ್ರೇಕ್ ಹಾಕಿದಾಗ ಮರಳಿ ಸಿಗುವ ವಿದ್ಯುತ್ತೂ ಇಲ್ಲಿ ಕಡಿಮೆ. ವರ್ಷ ಕಳೆದಂತೆ ಬ್ಯಾಟರಿಯ ಸಾಮರ್ಥ್ಯವೂ ತಗ್ಗುವುದರಿಂದ 3 ಕಿಲೋವ್ಯಾಟ್-ಅವರ್ (ಅಂದರೆ 3 ಯೂನಿಟ್ ವಿದ್ಯುತ್ ಹಿಡಿಯುವ) ಇಲ್ಲವೇ ಅದಕ್ಕಿಂತ ದೊಡ್ಡ ಬ್ಯಾಟರಿಯನ್ನೇ ಆರಿಸಿಕೊಳ್ಳಿ. ಲೈಸೆನ್ಸ್, ನೋಂದಣಿ ಬೇಡವೆಂದು ಮಾರುವ ಸ್ಕೂಟರುಗಳ ವೇಗದ ಮಿತಿ ಗಂಟೆಗೆ 25 ಕಿ.ಮೀ.; ಲಾರಿಗಳ ನಡುವೆ ಅವುಗಳಲ್ಲಿ ಹೋಗುವುದು ಅಪಾಯ, ಖಂಡಿತ ಬೇಡ.

ವಾಹನದ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದೇ. ಹಾಗಾಗಿ ವಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್, ಸಾಮರ್ಥ್ಯ ಶೇಕಡಾ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಕೆಟ್ಟರೆ ಬೀದಿಯ ಮೆಕ್ಯಾನಿಕ್ ಕೈಲಾಗುವ ಕೆಲಸ ಕಡಿಮೆ. ತುಮಕೂರಿನಲ್ಲೇ ಆ ಕಂಪನಿಯ ಸರ್ವಿಸ್ ಇದ್ದರೆ ಮಾತ್ರ ಕೊಳ್ಳಿ. ಒಂದು ಸಂಜೆ ಅಲ್ಲಿಗೆ ಹೋಗಿ, ರಿಪೇರಿಗೆ ಬಿಟ್ಟವರು ಎಷ್ಟು ದಿನದಿಂದ ಕಾಯುತ್ತಿದ್ದಾರೆಂದು ವಿಚಾರಿಸಿ. ಪ್ಲಗ್ ಪಾಯಿಂಟೂ ಸರ್ವಿಸೂ ಎರಡೂ ಕೂಡಿಬಂದರೆ ಧೈರ್ಯವಾಗಿ ಕೊಳ್ಳಿ. ಇಲ್ಲದಿದ್ದರೆ ಮನೆ ಬದಲಿಸುವವರೆಗೆ ಈಗಿನ ಸ್ಕೂಟರನ್ನೇ ಓಡಿಸಿ.