ಲಂಡನ್ನಿನಲ್ಲಿ ಆರು ಶಾಲೆ ಬರೆದರೂ ಮಗನಿಗೆ ಒಂದೂ ಸೀಟು ಸಿಗಲಿಲ್ಲ. ಈಗ ಏನು ಮಾಡಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಲಂಡನ್ನಿನ ಹೊರವಲಯಕ್ಕೆ ಬಂದಿದ್ದೀರಿ. ಮಗ ಪ್ರೈಮರಿಯ ಕೊನೆಯ ತರಗತಿಯಾದ ಇಯರ್ 6ರಲ್ಲಿದ್ದಾನೆ. ಅಕ್ಟೋಬರ್ 31ರ ಗಡುವಿನೊಳಗೇ ಆರು ಸೆಕೆಂಡರಿ ಶಾಲೆಗಳ ಹೆಸರು ಬರೆದು ಅರ್ಜಿ ಹಾಕಿದಿರಿ. ಮಾರ್ಚ್ 1ರ ಸಂಜೆ ಯಾವ ಶಾಲೆಯೂ ಸಿಕ್ಕಿಲ್ಲ ಎಂಬ ಇಮೇಲ್ ಬಂತು. ಪರೀಕ್ಷೆಯಿಟ್ಟು ಮಕ್ಕಳನ್ನು ಆರಿಸುವ ಗ್ರಾಮರ್ ಶಾಲೆಯನ್ನು ಮೊದಲು ಬರೆದಿದ್ದರಿಂದ ಉಳಿದ ಶಾಲೆಗಳು ಸಿಟ್ಟಾದವೇ ಎಂದು ಕೇಳಿದ್ದೀರಿ.

ಆಗಿಲ್ಲ. ಆ ಕೊರಗನ್ನು ಮೊದಲು ಬಿಡಿ. ನೀವು ಯಾವುದನ್ನು ಎಷ್ಟನೆಯದಾಗಿ ಬರೆದಿರಿ ಎಂಬುದು ಶಾಲೆಗಳಿಗೆ ತಿಳಿಯುವುದೇ ಇಲ್ಲ. ಪ್ರತಿಯೊಂದು ಶಾಲೆಯೂ ತನ್ನ ನಿಯಮದ ಪ್ರಕಾರ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ಒಂದಕ್ಕಿಂತ ಹೆಚ್ಚು ಕಡೆ ಸೀಟು ಬಂದರೆ ಮಾತ್ರ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ನಿಮ್ಮ ಕ್ರಮವನ್ನು ನೋಡಿ, ಮೇಲಿನದನ್ನು ಇಟ್ಟುಕೊಂಡು ಕೆಳಗಿನವನ್ನು ಬೇರೆಯವರಿಗೆ ಬಿಡುತ್ತದೆ. ಇನ್ನು ಗ್ರಾಮರ್ ಶಾಲೆಯ ಇಲೆವೆನ್ ಪ್ಲಸ್ ಪರೀಕ್ಷೆಯಲ್ಲಿ ಪಾಸಾಗುವುದೇ ಬೇರೆ, ಸೀಟು ಸಿಗುವುದೇ ಬೇರೆ. ಸಿಇಟಿ ಬರೆದ ನಾಡಿನಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಮಗಳಿಗೂ ಇದೇ ಇಮೇಲ್ ಬಂದಿತ್ತು. ಸಂಜೆ ಐದರ ನಂತರ ಬರುತ್ತದೆ ಎಂದು ಗೊತ್ತಿದ್ದರಿಂದ ಒಂದು ಕೈಯಲ್ಲಿ ಉಪ್ಪಿಟ್ಟಿನ ರವೆ ಹುರಿಯುತ್ತ ಇನ್ನೊಂದರಲ್ಲಿ ಮೊಬೈಲ್ ಹಿಡಿದು ನಿಂತಿದ್ದೆ. ಓದಿ ಮುಗಿಸುವಷ್ಟರಲ್ಲಿ ರವೆ ಸೀದುಹೋಗಿತ್ತು. ಮರುದಿನ ತರಗತಿಯಲ್ಲಿ ಟೀಚರ್ ಪಟ್ಟಿ ಹಿಡಿದು ಯಾರಿಗೆ ಯಾವ ಶಾಲೆ ಎಂದು ಕೇಳುತ್ತ ಬಂದರಂತೆ. ಮನೆಗೆ ಬಂದವಳು ಹೇಳಿದ್ದು ಒಂದೇ ಮಾತು: "ಅಮ್ಮ, ನನ್ನ ಹೆಸರಿನ ಮುಂದೆ ಬರೀ ಒಂದು ಗೆರೆ ಎಳೆದರು." ನೀವು ಏನನ್ನಾದರೂ ಮಾಡುವ ಮೊದಲು ಮಗನನ್ನು ಕೂರಿಸಿಕೊಂಡು, ಇದು ಅವನ ಓದಿನ ಬಗ್ಗೆ ಬಂದ ತೀರ್ಪಲ್ಲ ಎಂದು ತಿಳಿಸಿ ಹೇಳಿ. ಮಕ್ಕಳು ಹಾಗೆಂದೇ ತಿಳಿದುಕೊಳ್ಳುತ್ತಾರೆ.

ತೀರ್ಪು ಬಂದಿರುವುದು ಬಹುತೇಕ ನಿಮ್ಮ ಮನೆಯ ವಿಳಾಸದ ಮೇಲೆ. ಸೀಟಿಗಿಂತ ಅರ್ಜಿ ಹೆಚ್ಚಾದಾಗ ಸರ್ಕಾರದ ಆಶ್ರಯದಲ್ಲಿರುವ ಮಕ್ಕಳಿಗೆ ಮೊದಲ ಆದ್ಯತೆ. ಆಮೇಲೆ ಅದೇ ಶಾಲೆಯಲ್ಲಿ ಅಕ್ಕನೋ ಅಣ್ಣನೋ ಓದುತ್ತಿರುವವರು, ಚರ್ಚ್ ಶಾಲೆಯಾದರೆ ಅದರ ಅನುಯಾಯಿಗಳು, ಹೀಗೆ ಆಯಾ ಶಾಲೆ ಪ್ರಕಟಿಸಿದ ಕ್ರಮ. ನಮ್ಮಂಥವರು ಬಂದು ನಿಲ್ಲುವುದು ಕೊನೆಯ ಗುಂಪಿನಲ್ಲಿ, ಅಲ್ಲಿ ಲೆಕ್ಕಕ್ಕೆ ಬರುವುದು ಮನೆಯಿಂದ ಶಾಲೆಗೆ ಇರುವ ದೂರ. ಅದನ್ನು ಹೆಚ್ಚಿನ ಕಡೆ ನಕ್ಷೆಯ ಮೇಲೆ ನೇರ ಗೆರೆ ಎಳೆದು ಕಂಪ್ಯೂಟರ್ ಅಳೆಯುತ್ತದೆ, ಕೆಲವೆಡೆ ಮಾತ್ರ ನಡೆಯುವ ದಾರಿಯನ್ನು ಹಿಡಿಯುತ್ತಾರೆ. ನಡುವೆ ರೈಲು ಹಳಿ ಇದ್ದು ನೀವು ಸುತ್ತು ಹಾಕಿ ಹೋಗಬೇಕಾದರೂ ನೇರ ಗೆರೆಗೆ ಅದರ ಪರಿವೆಯಿಲ್ಲ.

ಹಾಗಾಗಿ ನೀವು ಕೇಳಿ ಪಡೆಯಬೇಕಾದ ಮೊದಲ ಅಂಕಿ ಇದು: ಈ ವರ್ಷ ಮಾರ್ಚ್ 1ರಂದು ಆ ಶಾಲೆಯಲ್ಲಿ ಕೊನೆಯ ಸೀಟು ಪಡೆದ ಮಗುವಿನ ಮನೆ ಎಷ್ಟು ದೂರದಲ್ಲಿತ್ತು? ಪಕ್ಕದಲ್ಲೇ ನಿಮ್ಮ ದೂರವನ್ನೂ ಕೇಳಿ ಬರೆದುಕೊಳ್ಳಿ. ನಾವು ಆರು ಶಾಲೆಗೂ ಕೇಳಿದೆವು. ಒಂದರಲ್ಲಿ ಕೊನೆಯ ಮಗು 0.9 ಮೈಲಿ, ನಾವು 2.3. ಅಲ್ಲಿ ಕಾಯುವುದು ಬಸ್ಸೇ ಬಾರದ ನಿಲ್ದಾಣದಲ್ಲಿ ಕೂತಂತೆ. ಇನ್ನೊಂದರಲ್ಲಿ ಕೊನೆಯ ಮಗು 1.31, ನಾವು 1.38. ಇದು ಕಾಯಬಹುದಾದ ಸಾಲು. ಅರ್ಜಿ ತುಂಬುವಾಗ ನಾವು ಫಲಿತಾಂಶ ನೋಡಿ, ನೆರೆಯವರ ಮಾತು ಕೇಳಿ ಆರು ಒಳ್ಳೆಯ ಶಾಲೆ ಆರಿಸಿದ್ದೆವೇ ಹೊರತು ಈ ಅಂಕಿಯನ್ನು ನೋಡಿರಲೇ ಇಲ್ಲ. ನೀವೂ ನೋಡಿರಲಿಕ್ಕಿಲ್ಲ ಎಂದು ನನ್ನ ಊಹೆ.

ವೇಟಿಂಗ್ ಲಿಸ್ಟಿನ ಬಗ್ಗೆ ನಮ್ಮವರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ, ಮೊದಲು ಹೆಸರು ಕೊಟ್ಟವರು ಮುಂದೆ ಎಂದು. ಯಾವಾಗ ಹೆಸರು ಕೊಟ್ಟಿರಿ ಎಂಬುದಕ್ಕೆ ಇಲ್ಲಿ ಬೆಲೆಯೇ ಇಲ್ಲ. ಹೊಸ ಹೆಸರು ಸೇರಿದಾಗಲೆಲ್ಲ ಇಡೀ ಪಟ್ಟಿಯನ್ನು ಅದೇ ನಿಯಮದಂತೆ ಮತ್ತೆ ಜೋಡಿಸಬೇಕು ಎಂದು ಸರ್ಕಾರದ ಶಾಲಾ ಪ್ರವೇಶ ಸಂಹಿತೆಯೇ ಹೇಳುತ್ತದೆ. ಆದ್ದರಿಂದ ಸಂಖ್ಯೆ ಹಿಂದಕ್ಕೂ ಹೋಗುತ್ತದೆ. ಏಪ್ರಿಲ್‌ನಲ್ಲಿ ಒಂಬತ್ತನೆಯವಳಾಗಿದ್ದ ನಮ್ಮ ಮಗಳು ಮೇ ತಿಂಗಳಲ್ಲಿ ಹನ್ನೊಂದಕ್ಕೆ ಇಳಿದಾಗ ಮೋಸವಾಯಿತು ಎಂದು ಕೂಗಾಡಿದ್ದೆ. ನಡೆದದ್ದು ಇಷ್ಟೇ: ಶಾಲೆಯ ಹತ್ತಿರಕ್ಕೆ ಎರಡು ಕುಟುಂಬ ಹೊಸದಾಗಿ ಬಂದಿದ್ದವು. ಕೆಲವು ಕೌನ್ಸಿಲ್‌ಗಳು ನಿಮ್ಮನ್ನು ಪಟ್ಟಿಗೆ ತಾವಾಗಿಯೇ ಸೇರಿಸುತ್ತವೆ, ಕೆಲವು ಕಡೆ ಕೇಳಿಕೊಳ್ಳಬೇಕು. ಯಾವುದು ಎಂದು ಬರವಣಿಗೆಯಲ್ಲೇ ಕೇಳಿ. ಮಾರ್ಚ್ ಮಧ್ಯಭಾಗದಲ್ಲಿ ಎಲ್ಲರೂ ಸೀಟು ಒಪ್ಪುವ ಅಥವಾ ಬಿಡುವ ಗಡುವು ಇರುತ್ತದೆ. ಖಾಸಗಿ ಶಾಲೆಗೆ ಹೋಗುವವರು, ಊರು ಬಿಡುವವರು ಆಗ ಕೈಬಿಟ್ಟ ಸೀಟುಗಳಿಂದ ಪಟ್ಟಿ ಮೊದಲ ಸಲ ಜೋರಾಗಿ ಅಲುಗಾಡುತ್ತದೆ. ಆಮೇಲೆ ಬೇಸಗೆಯುದ್ದಕ್ಕೂ ನಿಧಾನವಾಗಿ, ಶಾಲೆ ಶುರುವಾಗುವ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರಬೇಕಾದ ಮಕ್ಕಳು ಬಾರದೇ ಹೋದಾಗ ಇನ್ನೊಮ್ಮೆ. ಡಿಸೆಂಬರ್ 31ರವರೆಗಂತೂ ಪಟ್ಟಿಯನ್ನು ಇಟ್ಟುಕೊಳ್ಳಲೇಬೇಕು.

ನೀವು ಬರೆದ ಆರಕ್ಕೇ ಅಂಟಿಕೊಂಡು ಕೂರಬೇಡಿ. ನಮಗೆ ದಾರಿ ತೆರೆದದ್ದು ಅಲ್ಲೇ. ಯಾವ ಶಾಲೆಗಳಲ್ಲಿ ಸೆಕೆಂಡರಿಯ ಮೊದಲ ತರಗತಿಯಾದ ಇಯರ್ 7ಕ್ಕೆ ಸೀಟು ಖಾಲಿ ಇದೆ ಎಂದು ಕೌನ್ಸಿಲ್ಲಿಗೆ ಕೇಳಿ, ತಡವಾದ ಅರ್ಜಿಯಲ್ಲಿ ಆ ಹೆಸರುಗಳನ್ನು ಸೇರಿಸಿ. ಪಕ್ಕದ ಬರೋಗಳನ್ನೂ, ಅಂದರೆ ಲಂಡನ್ನಿನ ಬೇರೆ ಕೌನ್ಸಿಲ್ ಪ್ರದೇಶಗಳನ್ನೂ, ಕೇಳಿ. ಅವರ ಶಾಲೆ ಅವರ ಮಕ್ಕಳಿಗೆ ಎಂದು ನಾವು ಸುಮ್ಮನಿದ್ದೆವು. ಗ್ರೀನಿಚ್ ತೀರ್ಪು ಎಂದು ಕರೆಯುವ 1989ರ ನ್ಯಾಯಾಲಯದ ತೀರ್ಪಿನ ಪ್ರಕಾರ, ಬೇರೆ ಕೌನ್ಸಿಲ್ ವ್ಯಾಪ್ತಿಯಲ್ಲಿ ವಾಸಿಸುತ್ತಾರೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ಹಿಂದಕ್ಕೆ ತಳ್ಳುವಂತಿಲ್ಲ. ನಮ್ಮ ಮನೆಯಿಂದ ಎರಡು ಬೀದಿ ಆಚೆಗೇ ಬರೋ ಗಡಿ. ಅದರಾಚೆಯ ಒಂದು ಶಾಲೆಯ ಹೆಸರನ್ನು ನಾವು ಯಾವತ್ತೂ ಕೇಳಿರಲಿಲ್ಲ, ಒಂದೇ ಬಸ್ಸಿನ ದಾರಿ. ಹನ್ನೊಂದು ತುಂಬಿದ ಮಕ್ಕಳಿಗೆ ಜಿಪ್ ಆಯ್ಸ್ಟರ್ ಎಂಬ ಮಕ್ಕಳ ಪ್ರಯಾಣ ಕಾರ್ಡ್ ಇದ್ದರೆ ಲಂಡನ್ನಿನ ಬಸ್ಸು ಉಚಿತ, ಹಾಗಾಗಿ ದೂರದ ಶಾಲೆ ಎಂದರೆ ಜೇಬಿಗೆ ಭಾರ ಎಂದೇನಿಲ್ಲ.

ಕೌನ್ಸಿಲ್ ನಾಳೆ ಯಾವುದೋ ಬೇಡದ ಶಾಲೆಯನ್ನು ತೋರಿಸಿದರೆ ಸಿಟ್ಟಿನಲ್ಲಿ ಬೇಡ ಎನ್ನಬೇಡಿ. ಒಪ್ಪಿಕೊಂಡರೆ ಬೇರೆ ಪಟ್ಟಿಗಳಲ್ಲಿರುವ ನಿಮ್ಮ ಸ್ಥಾನ ಹೋಗುವುದಿಲ್ಲ, ಮೇಲ್ಮನವಿಯ ಹಕ್ಕೂ ಹೋಗುವುದಿಲ್ಲ. ಒಪ್ಪದಿದ್ದರೆ ಸೆಪ್ಟೆಂಬರ್‌ನಲ್ಲಿ ಹುಡುಗ ಮನೆಯಲ್ಲಿ ಕೂರಬೇಕಾದೀತು. "ಹಾಗಾದರೆ ಮನೆಯಲ್ಲೇ ಓದಿಸುತ್ತೇವೆ" ಎಂದು ಆವೇಶದಲ್ಲಿ ಇಮೇಲ್ ಕಳಿಸುವುದೂ ಬೇಡ. ಆಗ ಓದಿಸುವ ಹೊಣೆ ನಿಮ್ಮ ಹೆಗಲಿಗೆ ಬರುತ್ತದೆ, ಕೌನ್ಸಿಲ್ ಕೈತೊಳೆದುಕೊಳ್ಳುತ್ತದೆ.

ನಮ್ಮ ಅತ್ತೆ ದಾವಣಗೆರೆಯಿಂದ ದಿನಾ ಫೋನ್ ಮಾಡಿ, ಯಾರಾದರೂ ದೊಡ್ಡವರ ಕೈಯಲ್ಲಿ ಒಂದು ಮಾತು ಹೇಳಿಸಿ ಎನ್ನುತ್ತಿದ್ದರು. ನಮ್ಮ ಮನೆಯವರು ಸಂಸದರಿಗೂ ಬರೆದರು. ಅಲ್ಲಿಂದ ಬಹಳ ಸಭ್ಯವಾದ ಉತ್ತರ ಬಂತು, ಜೊತೆಗೆ ಕೌನ್ಸಿಲ್ ನಮಗೆ ಮೊದಲೇ ಕಳಿಸಿದ್ದ ಪತ್ರದ ಇನ್ನೊಂದು ಪ್ರತಿ. ವಶೀಲಿ, ಡೊನೇಷನ್ ಎರಡಕ್ಕೂ ಇಲ್ಲಿ ಕಿಟಕಿಯೇ ಇಲ್ಲ. ನಿಜ ಹೇಳಬೇಕೆಂದರೆ ಆ ತಿಂಗಳು ನನಗೆ ಅದು ದೊಡ್ಡ ಕೊರತೆಯಾಗಿ ಕಂಡಿತ್ತು. ಪರಿಚಯದವರೊಬ್ಬರು ಶಾಲೆಯ ಹತ್ತಿರದ ತಮ್ಮ ವಿಳಾಸ ಕೊಡುತ್ತೇವೆ ಎಂದೂ ಮುಂದೆ ಬಂದರು. ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ. ಕೌನ್ಸಿಲ್ ಟ್ಯಾಕ್ಸ್ ದಾಖಲೆಯನ್ನು ತಾಳೆ ನೋಡುತ್ತಾರೆ, ಸುಳ್ಳು ವಿಳಾಸದಿಂದ ಪಡೆದ ಸೀಟನ್ನು ಕಿತ್ತುಕೊಳ್ಳಬಹುದು. ಖಾಸಗಿ ಶಾಲೆಗೆ ಹಾಕಿಬಿಡಿ ಎನ್ನುವವರಿಗೆ, 2025ರ ಜನವರಿ 1ರಿಂದ ಆ ಶುಲ್ಕದ ಮೇಲೆ ಶೇ 20 ವ್ಯಾಟ್ ಬಿದ್ದಿದೆ ಎಂದು ಹೇಳಿ ಸುಮ್ಮನಾಗಿ.

ಮೇಲ್ಮನವಿಯ ವಿಷಯ. ಸೀಟು ನಿರಾಕರಿಸಿದ ಪ್ರತಿ ಶಾಲೆಯ ವಿರುದ್ಧವೂ ಬೇರೆ ಬೇರೆಯಾಗಿ ಸಲ್ಲಿಸಬಹುದು. ತಿಳಿಸಿದ ದಿನದಿಂದ ಕನಿಷ್ಠ 20 ಶಾಲಾ ದಿನಗಳ ಅವಕಾಶ ಕೊಡಬೇಕು, ಆ ಗಡುವಿನ ನಂತರ 40 ಶಾಲಾ ದಿನಗಳೊಳಗೆ ವಿಚಾರಣೆ ನಡೆಸಬೇಕು. ಕೇಳುವವರು ಕನಿಷ್ಠ ಮೂವರ ಸ್ವತಂತ್ರ ಸಮಿತಿ, ಅವರ ತೀರ್ಮಾನಕ್ಕೆ ಶಾಲೆ ಬದ್ಧ. ವೇಟಿಂಗ್ ಲಿಸ್ಟ್ ಎಂಬುದು ಯಂತ್ರ, ಅದಕ್ಕೆ ನಿಮ್ಮ ಕಷ್ಟ ಕೇಳಿಸುವುದಿಲ್ಲ. ಕೇಳುವ ಕಿವಿ ಇರುವುದು ಇಲ್ಲಿ ಮಾತ್ರ. ಆದರೆ ಅಲ್ಲಿ ಏನು ಹೇಳಬೇಕು ಎಂಬುದರಲ್ಲೇ ನಾವು ಎಡವಿದೆವು.

ವಿಚಾರಣೆಯ ದಿನ ನಮ್ಮ ಮನೆಯವರು ಟೈ ಕಟ್ಟಿಕೊಂಡು, ಅಬ್ಯಾಕಸ್ ಪದಕದಿಂದ ಹಿಡಿದು ಈಜಿನ ಪ್ರಮಾಣಪತ್ರದವರೆಗೆ ಒಂದು ದಪ್ಪ ಫೈಲು ಮಾಡಿಕೊಂಡು ಹೋದರು. ಹತ್ತು ನಿಮಿಷ ಮಗಳ ಜಾಣತನವನ್ನು ವರ್ಣಿಸಿದರು. ಸಮಿತಿಯ ಅಧ್ಯಕ್ಷೆ ಪೂರ್ತಿ ಕೇಳಿ, ಕನ್ನಡಕ ತೆಗೆದು ಕೇಳಿದರು: "ಬಹಳ ಸಂತೋಷ. ಇದರಲ್ಲಿ ಯಾವುದಕ್ಕೆ ಈ ಶಾಲೆಯೇ ಬೇಕು?" ಫೈಲು ಮುಚ್ಚಿತು. ಅವಳು ಎಲ್ಲಿದ್ದರೂ ಓದುತ್ತಾಳೆ ಎಂದು ನಾವೇ ಸಾಬೀತು ಮಾಡಿ ಕೊಟ್ಟಂತಾಗಿತ್ತು.

ವಿಚಾರಣೆಗೆ ಎರಡು ಹಂತ. ಮೊದಲನೆಯದರಲ್ಲಿ ನಿಯಮ ಸರಿಯಾಗಿ ಪಾಲನೆಯಾಗಿದೆಯೇ, ಇನ್ನೊಂದು ಮಗು ಸೇರಿದರೆ ಉಳಿದವರ ಕಲಿಕೆಗೆ ಧಕ್ಕೆಯಾಗುತ್ತದೆಯೇ ಎಂದು ಶಾಲೆ ತೋರಿಸಬೇಕು. ಎರಡನೆಯದರಲ್ಲಿ ಆ ಧಕ್ಕೆ ದೊಡ್ಡದೋ, ಸೀಟು ಸಿಗದ ನಿಮ್ಮ ಮಗುವಿಗೆ ಆಗುವ ತೊಂದರೆ ದೊಡ್ಡದೋ ಎಂದು ತೂಗುತ್ತಾರೆ. ಮೊದಲ ಹಂತದಲ್ಲಿ ಹದಿನಾಲ್ಕು ಕುಟುಂಬ ಒಟ್ಟಿಗೆ ಕೂತಿದ್ದೆವು. ಶಾಲೆಯ ಪ್ರತಿನಿಧಿ ಪ್ರಯೋಗಾಲಯ ಇಕ್ಕಟ್ಟು, ಊಟದ ಮನೆ ಸಾಲದು ಎಂದರು. ಹಿಂದಿನ ವರ್ಷ ಮೇಲ್ಮನವಿಯಿಂದ ಎಷ್ಟು ಮಕ್ಕಳು ಹೆಚ್ಚುವರಿಯಾಗಿ ಸೇರಿದರು ಎಂದು ನಾನು ಕೇಳಿದೆ. ಐವರು ಎಂದರು. ಅದಕ್ಕಾಗಿ ಹೊಸ ಟೀಚರ್ ಬೇಕಾಯಿತೇ ಎಂದೆ. ಇಲ್ಲ ಎಂದರು. ಮೂವರೂ ಏನೋ ಬರೆದುಕೊಂಡರು. ನೀವು ಕೇಳಬೇಕಾದದ್ದು ಇಂಥ ಪ್ರಶ್ನೆ. ನಿಮ್ಮ ಸರದಿಯಲ್ಲಿ, ಬೇರೆ ಶಾಲೆಯಲ್ಲಿ ಇಲ್ಲದ ಯಾವುದು ಅಲ್ಲಿದೆ, ಅದು ನಿಮ್ಮ ಮಗನಿಗೆ ಏಕೆ ಬೇಕು ಎಂಬುದನ್ನು ಕಾಗದದ ಆಧಾರದೊಂದಿಗೆ ಹೇಳಿ: ವೈದ್ಯರ ಪತ್ರ, ಈಗಿನ ಶಾಲೆಯ ಪತ್ರ. ಬೇರೆ ಶಾಲೆಯನ್ನು ದೂರಬೇಡಿ, ಅದು ಯಾರನ್ನೂ ಒಲಿಸುವುದಿಲ್ಲ.

ಇಷ್ಟಾಗಿಯೂ ನಾವು ಸೋತೆವು. ನಮ್ಮ ಗುಂಪಿನಲ್ಲಿ ಗೆದ್ದ ಇಬ್ಬರ ಕಾರಣಗಳು ನಮ್ಮದಕ್ಕಿಂತ ನಿಜವಾಗಿಯೂ ತೂಕದವು, ಆ ಬಗ್ಗೆ ನನಗೆ ತಕರಾರಿಲ್ಲ. ಗಡಿಯಾಚೆಯ ಆ ಹೆಸರು ಕೇಳದ ಶಾಲೆಯಿಂದ ಜೂನ್ ತಿಂಗಳ ಒಂದು ಬೆಳಿಗ್ಗೆ ಸೀಟು ಬಂತು. ಎರಡು ಅಳತೆ ದೊಡ್ಡದಾದ ಬ್ಲೇಜರ್ ಕೊಂಡೆವು, ತೋಳು ಬೆರಳ ತುದಿ ಮುಟ್ಟುತ್ತಿತ್ತು. ಸೆಪ್ಟೆಂಬರ್ ಎರಡನೇ ವಾರ 1.31 ಮೈಲಿಯ ಶಾಲೆಯವರು, ಸೀಟು ಖಾಲಿಯಾಗಿದೆ, ಬರುತ್ತೀರಾ ಎಂದು ಕೇಳಿದರು. ನಾನು ಹ್ಞೂಂ ಎನ್ನುವವಳೇ ಇದ್ದೆ. ಮಗಳು ಬ್ಲೇಜರ್ ಬಿಚ್ಚದೆ ಬಾಗಿಲಲ್ಲಿ ನಿಂತು, ನಾಳೆ ಗೆಳತಿಯ ಜೊತೆ ನೆಟ್‌ಬಾಲ್ ತಂಡದ ಆಯ್ಕೆ ಇದೆ, ನಾನು ಎಲ್ಲಿಗೂ ಬರುವುದಿಲ್ಲ ಎಂದಳು.

ನಾಳೆ ಬೆಳಿಗ್ಗೆ ಕೌನ್ಸಿಲ್ಲಿಗೆ ಫೋನ್ ಮಾಡಿ, ಆಮೇಲೆ ಅದನ್ನೇ ಇಮೇಲಿನಲ್ಲೂ ಬರೆದು ಕಳಿಸಿ. ಆರೂ ಶಾಲೆಗಳ ಕೊನೆಯ ದೂರ ಮತ್ತು ನಿಮ್ಮ ದೂರ ಗೊತ್ತಾದ ಮೇಲೆ ಇದೇ ಉತ್ತರದ ಕೆಳಗೆ ಬರೆಯಿರಿ. ಶಾಲೆಯ ಹೆಸರೂ ಮಗನ ಹೆಸರೂ ಬೇಡ, ಅಂಕಿಗಳಷ್ಟೇ ಸಾಕು. ಯಾವ ಸಾಲಿನಲ್ಲಿ ಕಾಯಬಹುದು, ಯಾವುದನ್ನು ಬಿಡಬಹುದು ಎಂದು ಕೂಡಿ ನೋಡೋಣ.