1,38,000 ಮೈಲಿ ಓಡಿರುವ ಪೋರ್ಷೆ ಬಾಕ್ಸ್‌ಟರ್ 6,500 ಡಾಲರ್‌ಗೆ ಸಿಗ್ತಿದೆ, ತಗೊಳ್ಳಬಹುದಾ?

ನೀವು ನ್ಯೂಜೆರ್ಸಿಯಲ್ಲಿದ್ದೀರಿ. ಕಣ್ಣಿಗೆ ಬಿದ್ದಿರುವುದು 2002ರ ಬಾಕ್ಸ್‌ಟರ್, 2.7 ಲೀಟರ್ ಎಂಜಿನ್, ಐದು ಗೇರಿನ ಮ್ಯಾನ್ಯುಯಲ್. 1,38,000 ಮೈಲಿ ಆಗಿದೆ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 2,22,000 ಕಿಲೋಮೀಟರ್. ಇಷ್ಟು ಓಡಿದ ಸ್ಪೋರ್ಟ್ಸ್ ಕಾರು ತಗೊಳ್ಳೋದು ಹುಚ್ಚುತನವೇ ಅಂತ ಕೇಳಿದ್ದೀರಿ.

ಹುಚ್ಚುತನವೇ. ಆದರೆ ನೀವು ಹೆದರುತ್ತಿರುವ ಕಾರಣಕ್ಕಲ್ಲ. ನನ್ನ ಹತ್ತಿರ 2001ರದ್ದು ಇದೆ. ತಗೊಂಡಾಗ 1,12,000 ಮೈಲಿ ಆಗಿತ್ತು, ಈಗ ಆರು ವರ್ಷವಾಯಿತು. ಇಷ್ಟರಲ್ಲಿ ನನ್ನ ಜೇಬಿಗೆ ಕೈ ಹಾಕಿದ್ದು ಮೈಲಿಯಲ್ಲ, ವಯಸ್ಸು. ರಬ್ಬರು ಗಟ್ಟಿಯಾಗುತ್ತದೆ, ಪ್ಲಾಸ್ಟಿಕ್ ಬಿರಿಯುತ್ತದೆ, ಓಡಿಸಿದರೂ ಅಷ್ಟೇ, ಶೆಡ್ಡಿನಲ್ಲಿ ಮುಚ್ಚಿಟ್ಟರೂ ಅಷ್ಟೇ. ಬಿಲ್ಲುಗಳ ಸಮೇತ 1,38,000 ಮೈಲಿ ಓಡಿದ ಕಾರು ಒಂದು ಕಡೆ, ಕಾಗದವೇ ಇಲ್ಲದೆ 40,000 ಮೈಲಿ ಓಡಿ ವರ್ಷಗಟ್ಟಲೆ ನಿಂತ ಕಾರು ಇನ್ನೊಂದು ಕಡೆ ಇದ್ದರೆ ನಾನು ಕಣ್ಣು ಮುಚ್ಚಿ ಮೊದಲನೆಯದನ್ನೇ ಆರಿಸುತ್ತೇನೆ.

ಈ ಕಾರಿನ ಬಗ್ಗೆ ಹುಡುಕಿದರೆ ಮೊದಲು ಸಿಗುವ ಭಯ ಐಎಂಎಸ್ ಬೇರಿಂಗ್. ಎಂಜಿನ್ ಒಳಗೆ ಇಂಟರ್‌ಮೀಡಿಯೆಟ್ ಶಾಫ್ಟ್ (ಐಎಂಎಸ್) ಅಂತ ಒಂದಿದೆ. ಎಂಜಿನ್ನಿನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕಿನಿಂದ ತಿರುಗಿ, ವಾಲ್ವು ತೆರೆಯುವ ಕ್ಯಾಮ್‌ಗಳನ್ನು ಚೈನುಗಳ ಮೂಲಕ ತಿರುಗಿಸುವುದು ಅದರ ಕೆಲಸ. ಅದರ ಒಂದು ತುದಿ ಸೀಲ್ ಮಾಡಿದ ಬಾಲ್ ಬೇರಿಂಗ್ ಮೇಲೆ ಕೂತಿದೆ. ಸೀಲ್ ಹಳೆಯದಾದಾಗ ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಬೇರಿಂಗ್ ಪುಡಿಯಾದರೆ ಟೈಮಿಂಗ್ ತಪ್ಪುತ್ತದೆ, ವಾಲ್ವು ಪಿಸ್ಟನ್ನಿಗೆ ಹೊಡೆಯುತ್ತದೆ, ಅಲ್ಲಿಗೆ ಎಂಜಿನ್ ಕಥೆ ಮುಗಿಯಿತು. 2001ರಿಂದ 2005ರವರೆಗಿನ ಮಾಡೆಲ್‌ಗಳ ವಿಷಯದಲ್ಲಿ ಅಮೆರಿಕದಲ್ಲಿ ಮಾಲೀಕರೆಲ್ಲ ಸೇರಿ ಕೋರ್ಟಿಗೂ ಹೋಗಿದ್ದರು, 2013ರಲ್ಲಿ ರಾಜಿಯಾಯಿತು. ನಿಮ್ಮ ಕಾರು ಆ ಸಾಲಿನದೇ. ಹಾಗಂತ ಎಲ್ಲ ಕಾರಲ್ಲೂ ಇದು ಆಗುವುದಿಲ್ಲ, ಹೆಚ್ಚಿನವು ಸುಮ್ನೆ ಓಡಿಕೊಂಡಿವೆ.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಕ್ಲಚ್ ಯಾವಾಗ ಬದಲಾಯಿಸಿದ್ದು, ಬಿಲ್ಲು ಇದೆಯಾ? ಈ ಬೇರಿಂಗ್ ಮುಟ್ಟಬೇಕೆಂದರೆ ಗೇರ್‌ಬಾಕ್ಸ್ ಇಳಿಸಬೇಕು. ಕ್ಲಚ್ ಹಾಕಲು ಹೇಗೂ ಇಳಿಸುತ್ತಾರೆ. ಹಾಗಾಗಿ ಕಾರಿನ ಮೇಲೆ ಪ್ರೀತಿ ಇದ್ದವರು ಕ್ಲಚ್, ಬೇರಿಂಗ್, ಕ್ರ್ಯಾಂಕಿನ ಹಿಂದಿನ ಸೀಲ್ ಮೂರನ್ನೂ ಒಟ್ಟಿಗೆ ಮಾಡಿಸಿರುತ್ತಾರೆ. ಕ್ಲಚ್ ಮಾತ್ರ ಹಾಕಿಸಿ ಬೇರಿಂಗ್ ಹಾಗೇ ಬಿಟ್ಟಿದ್ದರೆ ಆ ಮಾಲೀಕರು ಎಲ್ಲೆಲ್ಲಿ ದುಡ್ಡು ಉಳಿಸಿರಬಹುದು ಅಂತ ನೀವೇ ಊಹಿಸಿ. ನನ್ನ ಕಾರಿಗೆ ಈ ಮೂರನ್ನೂ ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿದೆ, 3,200 ಡಾಲರ್ ಆಯಿತು. ಹೊಸದಿದ್ದಾಗ ಈ ಕಾರು 42,000 ಡಾಲರ್ ದಾಟಿತ್ತು. ಕಾರಿನ ಬೆಲೆ ಇಳಿದಿದೆ, ಸ್ಪೇರ್ ಪಾರ್ಟಿನ ಬೆಲೆ ಇಳಿದಿಲ್ಲ. ಅದಕ್ಕೇ 6,500 ಕೊಟ್ಟ ಮೇಲೆ ಬ್ಯಾಂಕಿನಲ್ಲಿ ಇನ್ನೂ ನಾಲ್ಕೈದು ಸಾವಿರ ಇದೇ ಕಾರಿಗೆ ಅಂತ ಉಳಿಯದಿದ್ದರೆ ಮತ್ತೆ ನೋಡಲೂ ಹೋಗಬೇಡಿ.

'ಬಾನೆಟ್ ಎತ್ತಿದೆ, ಡಿಕ್ಕಿಯೂ ತೆಗೆದೆ, ಎಂಜಿನ್ನೇ ಕಾಣಲಿಲ್ಲ' ಅಂತ ಬರೆದಿದ್ದೀರಲ್ಲ, ನಕ್ಕುಬಿಟ್ಟೆ. ಮುಂದೊಂದು ಡಿಕ್ಕಿ, ಹಿಂದೊಂದು ಡಿಕ್ಕಿ. ಎಂಜಿನ್ ಇರುವುದು ಸೀಟಿನ ಬೆನ್ನಿಗೆ. ಕೆರೆಯೊಳಗಿನ ಎಮ್ಮೆಗೆ ದಡದಲ್ಲಿ ನಿಂತು ಬೆಲೆ ಕಟ್ಟಿದ ಹಾಗೆ ಇದು. ಆದರೂ ದಡದಲ್ಲೇ ನಿಂತು ತಿಳಿದುಕೊಳ್ಳುವುದು ಬೇಕಾದಷ್ಟಿದೆ.

ನೀವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಮಾಲೀಕರಿಗೆ ಮೊದಲೇ ಹೇಳಿ. ಹೋದ ಕೂಡಲೇ ಸೈಲೆನ್ಸರ್ ಹತ್ತಿರ ಕೈ ಹಿಡಿದು ನೋಡಿ. ಬಿಸಿಯಾಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ. ಸ್ಟಾರ್ಟ್ ಆದಾಗ ಒಂದು ಸಲ ಹೊಗೆ ಬಂದು ನಿಂತರೆ ಗಾಬರಿ ಬೇಡ. ಸಿಲಿಂಡರ್‌ಗಳು ಮಲಗಿರುವ ಎಂಜಿನ್ ಇದು, ಸ್ವಲ್ಪ ಆಯಿಲ್ ಒಳಗೆ ಇಳಿದಿರುತ್ತದೆ. ಬಿಳಿ ಹೊಗೆ ಬೀದಿ ತುಂಬಿದರೆ ಬೇರೆ ವಿಷಯ: ಎಂಜಿನ್ ಒಳಗಿನ ಗಾಳಿಯಿಂದ ಆಯಿಲ್ ಬೇರ್ಪಡಿಸುವ ಏರ್ ಆಯಿಲ್ ಸೆಪರೇಟರ್ ಹರಿದಿರಬಹುದು. ಇದಕ್ಕೆ ಕಾಸಿಲ್ಲದ ಒಂದು ಪರೀಕ್ಷೆ ಇದೆ. ಎಂಜಿನ್ ಐಡಲ್‌ನಲ್ಲಿರುವಾಗ ಹಿಂದಿನ ಡಿಕ್ಕಿಯಲ್ಲಿರುವ ಆಯಿಲ್ ಮುಚ್ಚಳ ತೆಗೆಯಲು ನೋಡಿ. ಸ್ವಲ್ಪ ಎಳೆತ ಇದ್ದರೆ ಸರಿ. ಒಳಗಿಂದ ಯಾರೋ ಹಿಡಿದುಕೊಂಡಂತೆ ಬರಲೇ ಇಲ್ಲವೆಂದರೆ ಸೆಪರೇಟರ್ ಹೋಗಿದೆ. ಅಲ್ಲೇ ಡಿಕ್ಕಿಯ ಕಾರ್ಪೆಟ್ ಎತ್ತಿ. ಒದ್ದೆಯಾಗಿದ್ದು ಸಿಹಿ ವಾಸನೆ ಬಂದರೆ ಕೂಲಂಟ್ ಟ್ಯಾಂಕ್ ಬಿರಿದಿದೆ.

ಆಮೇಲೆ ಟಯರ್. ಇದನ್ನು ಯಾರೂ ನೋಡುವುದಿಲ್ಲ, ನಾನಂತೂ ಮೊದಲು ನೋಡುವುದೇ ಇದನ್ನು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಮುಂದಿನದು ಒಂದು ಕಂಪನಿ, ಹಿಂದಿನದು ಇನ್ನೊಂದು, ಎಲ್ಲವೂ ಹತ್ತು ವರ್ಷ ಹಳೆಯವು ಅಂದರೆ ಕಣ್ಣಿಗೆ ಕಾಣುವ ಟಯರಿಗೇ ಖರ್ಚು ಮಾಡದವರು ಕಾಣದ ಆಯಿಲ್‌ಗೆ ಮಾಡಿರುತ್ತಾರಾ? ಈ ಎಂಜಿನ್‌ಗೆ ಒಂದು ಸಲಕ್ಕೆ ಎಂಟು ಲೀಟರ್‌ಗಿಂತ ಜಾಸ್ತಿ ಆಯಿಲ್ ಹಿಡಿಯುತ್ತದೆ, ಬದಲಾಯಿಸುವುದು ಅಗ್ಗವಲ್ಲ.

ಇಷ್ಟರಲ್ಲಿ ಪಾಸಾದರೆ ಪೋರ್ಷೆ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ನಿಮ್ಮ ದುಡ್ಡಿನಲ್ಲೇ ತೋರಿಸಿ. ಎರಡು ಕೆಲಸ ಬಾಯಿಬಿಟ್ಟು ಕೇಳಿ. ಒಂದು, ಆಯಿಲ್ ಫಿಲ್ಟರ್ ಬಿಚ್ಚಿ ಅದರ ಕಾಗದದ ಮಡಿಕೆ ಬಿಡಿಸಿ ನೋಡುವುದು. ಹೊಳೆಯುವ ಲೋಹದ ಚೂರು ಕಂಡರೆ ಕೈ ಮುಗಿದು ವಾಪಸ್ ಬನ್ನಿ. ಇನ್ನೊಂದು, ಕಾರಿನ ಕಂಪ್ಯೂಟರಿನಿಂದ ಓವರ್‌ರೆವ್ ಲೆಕ್ಕ, ಅಂದರೆ ಎಂಜಿನ್ ಮಿತಿ ಮೀರಿ ತಿರುಗಿದ ಲೆಕ್ಕ ತೆಗೆಸುವುದು. ತಪ್ಪು ಗೇರಿಗೆ ಹಾಕಿ ಎಂಜಿನ್ ಅರಚಿಸಿದ್ದರೆ ಅದರಲ್ಲಿ ದಾಖಲಾಗಿರುತ್ತದೆ. ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಅನ್ನೋದೂ ಸಿಗುತ್ತದೆ. ಮೈಲಿಯನ್ನು ಗಂಟೆಯಿಂದ ಭಾಗಿಸಿ ನೋಡಿ. ಸರಾಸರಿ ವೇಗ ನಂಬುವ ಹಾಗಿಲ್ಲದಿದ್ದರೆ ಮೀಟರಿನ ಮೇಲೆ ಅನುಮಾನ ಪಡಿ. ಮೆಕ್ಯಾನಿಕ್‌ಗೆ ತೋರಿಸುವುದಕ್ಕೇ ಮಾಲೀಕರು ಒಪ್ಪದಿದ್ದರೆ ಮಾತು ಅಲ್ಲಿಗೇ ಮುಗಿಸಿ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಬಟ್ಟೆಯ ಟಾಪಿನ ಪಕ್ಕದಲ್ಲಿ ಮಳೆನೀರು ಇಳಿಯಲು ಸಣ್ಣ ತೂತುಗಳಿವೆ. ಮೇಪಲ್ ಮರದ ಕೆಳಗೆ ಎರಡು ಶರತ್ಕಾಲ ನಿಲ್ಲಿಸಿದೆ, ಒಂದು ದಿನವೂ ತೂತು ಚೊಕ್ಕ ಮಾಡಲಿಲ್ಲ. ನೀರು ಒಳಗೆ ಬಂದು ಡ್ರೈವರ್ ಸೀಟಿನ ಕೆಳಗೆ ನಿಂತಿತು. ಬೀಗದ ಕೈ ಗುರುತಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುವುದು ಸರಿಯಾಗಿ ಅಲ್ಲೇ. ಒಂದು ಸೋಮವಾರ ಬೆಳಿಗ್ಗೆ ಕಾರು ಮೂಕವಾಯಿತು. ಅವತ್ತು ಆಫೀಸಿಗೆ ಹೋಗಿದ್ದು ಹಳೆಯ ಕೊರೊಲಾದಲ್ಲಿ. ನಿಮಗೆ ಎರಡನೇ ಕಾರು ಇದೆಯಾ? ಪ್ರಶ್ನೆಯಲ್ಲಿ ಬರೆದಿಲ್ಲ. ಇದೊಂದೇ ಕಾರು ಅಂತಾದರೆ ಬೇಡ. ತೆರೆದ ಟಾಪಿನ ಖುಷಿಯೇ ಬೇಕಿದ್ದರೆ ಅದೇ ಕಾಲದ ಮಾಜ್ದಾ ಮಿಯಾಟಾ ನೋಡಿ. ಪವರ್ ಕಮ್ಮಿ, ತಲೆನೋವೂ ಕಮ್ಮಿ.

'ಮುಂದೆ ಬೆಂಗಳೂರಿಗೆ ಹೋಗುವಾಗ ತಗೊಂಡು ಹೋಗಬಹುದಾ' ಅಂತಲೂ ಕೇಳಿದ್ದೀರಿ. ಆಗುವುದಿಲ್ಲ. ಹಳೆ ಕಾರು ಭಾರತಕ್ಕೆ ತರಬೇಕೆಂದರೆ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಇದು ಎರಡರಲ್ಲೂ ಫೇಲ್.

ಶನಿವಾರ ಮತ್ತೆ ನೋಡಲು ಹೋಗುವಾಗ ಒಂದು ಟಾರ್ಚು, ಕೆಳಗೆ ಮಲಗಿ ನೋಡಲು ಒಂದು ಹಳೆ ರಟ್ಟು ತಗೊಂಡು ಹೋಗಿ. ಚೆಕ್‌ಬುಕ್ ಮನೆಯಲ್ಲೇ ಇರಲಿ.